ಗ್ಯಾಸ್ ಟರ್ಬೈನಿನ ರೋಟರ್ ಮತ್ತು ಕೇಸಿಂಗ್ ನಡುವಿನ ಸಂದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. 17 ವರ್ಷ ಗಲ್ಫಿನ ಪವರ್ ಪ್ಲಾಂಟುಗಳಲ್ಲಿ ಟರ್ಬೈನ್ ಫಿಟ್ಟರ್ ಆಗಿದ್ದೆ. ಈಗ ಊರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಐಟಿಐ, ಪಾಲಿಟೆಕ್ನಿಕ್ ಓದುವ ಮಕ್ಕಳು, ಗಲ್ಫಿಗೆ ಹೊರಟ ಹುಡುಗರು ಸಂಜೆ ಹೊತ್ತು ಮನೆಗೆ ಬರುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಒಂದೇ. ಅವರಲ್ಲಿ ತುಂಬಾ ಜನ ಕನ್ನಡ ಮೀಡಿಯಂನಲ್ಲಿ ಓದಿದವರು. ಇಂಗ್ಲಿಷ್ ಮ್ಯಾನುವಲ್ ಓದಿ ಶಬ್ದ ಗೊತ್ತಾಗುತ್ತದೆ, ಒಳಗೆ ಏನಾಗುತ್ತದೆ ಅಂತ ಕಣ್ಣಿಗೆ ಕಟ್ಟುವುದಿಲ್ಲ. ಅದಕ್ಕೇ ಎಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ಕ್ಲಿಯರೆನ್ಸ್ ಅಂದರೆ ಸರಿಯಾಗಿ ಯಾವ ಜಾಗ?

ಗ್ಯಾಸ್ ಟರ್ಬೈನಿನಲ್ಲಿ ಮುಂದೆ ಗಾಳಿಯನ್ನು ಒತ್ತುವ ಕಂಪ್ರೆಸರ್, ನಡುವೆ ಇಂಧನ ಸುಡುವ ಜಾಗ, ಹಿಂದೆ ಆ ಬಿಸಿ ಗ್ಯಾಸಿನಿಂದ ತಿರುಗುವ ಟರ್ಬೈನ್. ತಿರುಗುವ ಭಾಗ ರೋಟರ್. ಅದರ ಸುತ್ತ ಸಾಲು ಸಾಲಾಗಿ ಬ್ಲೇಡುಗಳು. ಹೊರಗೆ ಅಲುಗಾಡದೆ ನಿಂತ ಕವಚ ಕೇಸಿಂಗ್. ಬ್ಲೇಡಿನ ತುದಿಗೂ ಕೇಸಿಂಗಿನ ಒಳಮೈಗೂ ನಡುವೆ ಉಳಿಯುವ ಸಂದನ್ನು ಟಿಪ್ ಕ್ಲಿಯರೆನ್ಸ್ ಅನ್ನುತ್ತಾರೆ. ಟರ್ಬೈನ್ ಕಡೆ ಒಳಮೈ ಅಂದರೆ ಕೇಸಿಂಗ್ ಲೋಹ ನೇರವಾಗಿ ಅಲ್ಲ, ಅದಕ್ಕೆ ಸಿಕ್ಕಿಸಿದ ಶ್ರೌಡ್ ತುಂಡುಗಳು. ಬೆಂಕಿಯಂಥ ಗ್ಯಾಸ್ ತಾಗುವುದು ಅವಕ್ಕೆ. ಶಾಫ್ಟ್ ಹತ್ತಿರದ ಸೀಲುಗಳಲ್ಲೂ ಸಂದು ಇದೆ, ಅದೂ ಮುಖ್ಯವೇ. ಇಲ್ಲಿ ನಾನು ಜಾಸ್ತಿ ಮಾತಾಡುವುದು ಟಿಪ್ ಬಗ್ಗೆ.

ಇಷ್ಟು ಸಣ್ಣ ಸಂದಿಗೆ ಇಷ್ಟೊಂದು ತಲೆಬಿಸಿ ಯಾಕೆ?

ಮೊದಲು ತೋಟದ ಪಂಪು ನೋಡಿ. ಹೋದ ಬೇಸಿಗೆಯಲ್ಲಿ ನಮ್ಮ ಪಂಪು ಮೊದಲಿನ ಹಾಗೇ ತಿರುಗುತ್ತಿತ್ತು, ಮೋಟಾರು ಸರಿ, ಪೈಪು ಸರಿ, ಆದರೆ ಮೇಲಿನ ತಟ್ಟಿಗೆ ನೀರು ಏರುತ್ತಿರಲಿಲ್ಲ. ಬಿಚ್ಚಿದರೆ ನೀರು ತಳ್ಳುವ ಚಕ್ರ, ಅಂದರೆ ಇಂಪೆಲರ್ ಸುತ್ತಲಿನ ವೇರ್ ರಿಂಗ್ ಮರಳಿಗೆ ಸವೆದು ಉಗುರು ಹೋಗುವಷ್ಟು ಸಂದು ಆಗಿತ್ತು. ಎತ್ತಿದ ನೀರು ಆ ಸಂದಿನಿಂದ ಹಿಂದಕ್ಕೇ ಬಂದು ಸುತ್ತುತ್ತಿತ್ತು. ಕರೆಂಟು ಖರ್ಚಾಯಿತು, ಕೆಲಸ ಆಗಲಿಲ್ಲ.

ಟರ್ಬೈನಿನಲ್ಲೂ ಹಾಗೇ. ಬಿಸಿ ಗ್ಯಾಸು ಬ್ಲೇಡನ್ನು ತಳ್ಳಿ ಮುಂದೆ ಹೋಗಬೇಕು. ತುದಿಯಲ್ಲಿ ಸಂದು ಸಿಕ್ಕಿದರೆ ಒತ್ತಡ ಜಾಸ್ತಿ ಇರುವ ಮೈಯಿಂದ ಕಮ್ಮಿ ಇರುವ ಮೈಗೆ ಹಾರಿಬಿಡುತ್ತದೆ. ಬ್ಲೇಡನ್ನು ತಳ್ಳುವುದಿಲ್ಲ. ಸುಮ್ನೆ ಹೋದರೂ ಪರವಾಗಿರಲಿಲ್ಲ, ಅದು ಸುಳಿಯಾಗಿ ತಿರುಗಿ ಪಕ್ಕದಲ್ಲಿ ನೆಟ್ಟಗೆ ಹೋಗುವ ಗ್ಯಾಸನ್ನೂ ಕೆಡಿಸುತ್ತದೆ. ನಷ್ಟ ಎರಡು ಕಡೆಯಿಂದ. ಬ್ಲೇಡಿನ ಎತ್ತರದ ಶೇಕಡಾ 1ರಷ್ಟು ಸಂದು ಜಾಸ್ತಿಯಾದರೆ ಆ ಸಾಲಿನ ದಕ್ಷತೆ ಸುಮಾರು ಶೇಕಡಾ 1ರಿಂದ 2 ಇಳಿಯುತ್ತದೆ ಅನ್ನುವುದು ಈ ಕೆಲಸದವರ ಬಾಯಿಲೆಕ್ಕ. ಬ್ಲೇಡು 50 ಮಿಲಿಮೀಟರ್ ಎತ್ತರ ಇದ್ದರೆ ಆ ಶೇಕಡಾ 1 ಅಂದರೆ ಬರೀ ಅರ್ಧ ಮಿಲಿಮೀಟರ್.

ವಿಮಾನದ ಎಂಜಿನಿನಲ್ಲಿ ಇನ್ನೂ ಬಿಗಿ. ಸುಟ್ಟ ಗ್ಯಾಸು ಮೊದಲು ತಾಗುವ ಹೈ ಪ್ರೆಶರ್ ಟರ್ಬೈನಿನ ಸಂದು 0.25 ಮಿಲಿಮೀಟರ್ ಕಮ್ಮಿಯಾದರೆ ಇಂಧನ ಸುಮಾರು ಶೇಕಡಾ 1 ಉಳಿಯುತ್ತದೆ, ಹೊರಬರುವ ಗ್ಯಾಸಿನ ಬಿಸಿ ಸುಮಾರು 10 ಡಿಗ್ರಿ ಇಳಿಯುತ್ತದೆ. 0.25 ಮಿಲಿಮೀಟರ್ ಅಂದರೆ ಜೆರಾಕ್ಸ್ ಕಾಗದ ಎರಡೂವರೆ ಹಾಳೆ ದಪ್ಪ. ಫಿಟ್ಟರುಗಳ ಭಾಷೆಯಲ್ಲಿ 10 ಥೌ, ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಸಂದು ದೊಡ್ಡದಾದಷ್ಟೂ ಅದೇ ಕೆಲಸಕ್ಕೆ ಜಾಸ್ತಿ ಇಂಧನ ಸುಡಬೇಕು, ಜಾಸ್ತಿ ಸುಟ್ಟರೆ ಒಳಗೆ ಬಿಸಿ ಏರುತ್ತದೆ, ಬಿಸಿ ಏರಿದರೆ ಬ್ಲೇಡು ಬೇಗ ಸವೆಯುತ್ತದೆ, ಸವೆದರೆ ಸಂದು ಇನ್ನೂ ದೊಡ್ಡದು. ಒಮ್ಮೆ ಈ ದಾರಿ ಹಿಡಿದರೆ ಓವರ್‌ಹಾಲ್ ಮಾಡುವವರೆಗೆ ಬಿಡುವುದಿಲ್ಲ.

ಹಾಗಾದರೆ ಸಂದೇ ಇಲ್ಲದ ಹಾಗೆ ಬಿಗಿಯಾಗಿ ಕಟ್ಟಬಹುದಲ್ಲಾ?

ಆಗುವುದಿಲ್ಲ. ತಣ್ಣಗೆ ನಿಂತ ಮಷಿನಿನ ಅಳತೆಯೇ ಬೇರೆ, ಓಡುವ ಮಷಿನಿನ ಅಳತೆಯೇ ಬೇರೆ.

1 ಮೀಟರ್ ಉಕ್ಕು 100 ಡಿಗ್ರಿ ಬಿಸಿಯಾದರೆ ಸುಮಾರು 1.2 ಮಿಲಿಮೀಟರ್ ಹಿಗ್ಗುತ್ತದೆ. ಮಧ್ಯದಿಂದ ಅಂಚಿಗೆ 1 ಮೀಟರ್ ಇರುವ ಕೇಸಿಂಗ್ 300 ಡಿಗ್ರಿ ಬಿಸಿಯಾಯಿತು ಅಂತ ಇಟ್ಟುಕೊಳ್ಳಿ, 3.6 ಮಿಲಿಮೀಟರ್ ಹೊರಗೆ ಸರಿಯಿತು. ನಾವು ಕಾಪಾಡಬೇಕಾದ ಸಂದಿಗಿಂತ ಈ ಹಿಗ್ಗುವಿಕೆಯೇ ದೊಡ್ಡದು.

ಇನ್ನೊಂದು ಎಳೆತ ವೇಗದ್ದು. 200 ಗ್ರಾಂ ತೂಕದ ಒಂದು ಬ್ಲೇಡು, ಶಾಫ್ಟಿನಿಂದ 35 ಸೆಂಟಿಮೀಟರ್ ದೂರದಲ್ಲಿ, ನಿಮಿಷಕ್ಕೆ 14,000 ಸುತ್ತು ಹೊಡೆದರೆ ಅದು ಹೊರಗೆ ಎಳೆಯುವ ಬಲ ಸುಮಾರು 15 ಟನ್ ತೂಕದಷ್ಟು. ಕೈಯಲ್ಲಿ ಹಿಡಿದರೆ ಒಂದು ಸಣ್ಣ ಮಾವಿನಕಾಯಿಯಷ್ಟೇ ಭಾರ ಇರುವ ಲೋಹ ಅದು. ಇಂಥ ಎಷ್ಟೋ ಬ್ಲೇಡುಗಳು ಒಟ್ಟಿಗೆ ಎಳೆದರೆ ಬ್ಲೇಡು ಸಿಕ್ಕಿಸಿದ ಚಕ್ರ ಅಂದರೆ ಡಿಸ್ಕು, ಬ್ಲೇಡು ಎರಡೂ ಸ್ವಲ್ಪ ಹಿಗ್ಗಲೇಬೇಕು. ಇವಕ್ಕೆ ಜಾಗ ಬಿಡದೆ ಕಟ್ಟಿದರೆ ಮೊದಲ ಸ್ಟಾರ್ಟಿನಲ್ಲೇ ಉಜ್ಜುತ್ತದೆ.

ಯಾವ ಹೊತ್ತಿನಲ್ಲಿ ಸಂದು ತೀರಾ ಕಮ್ಮಿ? ಫುಲ್ ಲೋಡಿನಲ್ಲಾ?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಫುಲ್ ಲೋಡಿನಲ್ಲಿ ಗಂಟೆಗಟ್ಟಲೆ ಓಡುವ ಮಷಿನು ನೆಮ್ಮದಿಯಾಗಿರುತ್ತದೆ. ಕಷ್ಟ ಇರುವುದು ಏರುವಾಗ, ಇಳಿಯುವಾಗ.

ಎರಡು ಸ್ಟೀಲ್ ಲೋಟ ಒಂದರೊಳಗೊಂದು ಸಿಕ್ಕಿಕೊಂಡರೆ ಅಮ್ಮ ಏನು ಮಾಡುತ್ತಾರೆ? ಒಳಗಿನ ಲೋಟಕ್ಕೆ ತಣ್ಣೀರು ಹೊಯ್ದು, ಹೊರಗಿನದನ್ನು ಬಿಸಿನೀರಿನಲ್ಲಿ ಇಡುತ್ತಾರೆ. ಹೊರಗಿನದು ಹಿಗ್ಗುತ್ತದೆ, ಒಳಗಿನದು ಹಿಗ್ಗುವುದಿಲ್ಲ, ಬಿಡುತ್ತದೆ. ಉಲ್ಟಾ ಮಾಡಿದರೆ ಇನ್ನೂ ಬಿಗಿ. ಕ್ಲಿಯರೆನ್ಸ್ ಕಂಟ್ರೋಲ್ ಅಂದರೆ ಈ ಎರಡು ಲೋಟದ ಸಂಗತಿಯೇ. ಯಾವುದು ಮೊದಲು ಬಿಸಿಯಾಗುತ್ತದೆ, ಯಾವುದು ಮೊದಲು ತಣಿಯುತ್ತದೆ, ಅಷ್ಟೇ.

ವಿಮಾನದ ಎಂಜಿನು ಟೇಕಾಫ್‌ಗೆ ವೇಗ ಏರಿಸಿದಾಗ ಏನಾಗುತ್ತದೆ ನೋಡಿ. ವೇಗದ ಎಳೆತಕ್ಕೆ ರೋಟರ್ ಆಗಲೇ ಹಿಗ್ಗುತ್ತದೆ, ಕಾಯುವುದಿಲ್ಲ. ಬ್ಲೇಡು ತೆಳ್ಳಗೆ, ಗ್ಯಾಸಿನ ನಡುವೆಯೇ ಇರುವುದು, ಅದು ಸೆಕೆಂಡುಗಳಲ್ಲಿ ಬಿಸಿಯಾಗಿ ಉದ್ದವಾಗುತ್ತದೆ. ಕೇಸಿಂಗ್ ಇನ್ನೂ ಬಿಸಿಯಾಗಿಲ್ಲ. ಒಳಗಿನ ಲೋಟ ಹಿಗ್ಗಿತು, ಹೊರಗಿನದು ಇದ್ದ ಹಾಗೇ ಇದೆ. ಸಂದು ಗಬಕ್ಕನೆ ಕುಗ್ಗುತ್ತದೆ. ಇದಕ್ಕೆ ಪಿಂಚ್ ಪಾಯಿಂಟ್ ಅನ್ನುತ್ತಾರೆ. ಆಮೇಲೆ ಕೇಸಿಂಗ್ ಬಿಸಿಯಾಗಿ ಹಿಗ್ಗಿದಾಗ ಸಂದು ಬಿಡುತ್ತದೆ. ಕೊನೆಗೆ, ದಪ್ಪಗಿರುವ ಡಿಸ್ಕು ನಿಧಾನವಾಗಿ ಬಿಸಿಯಾಗಿ ಹಿಗ್ಗಿ ಸಂದು ಮತ್ತೆ ಸ್ವಲ್ಪ ಕಮ್ಮಿಯಾಗಿ ಒಂದು ಕಡೆ ನಿಲ್ಲುತ್ತದೆ.

ಮಷಿನು ಕಟ್ಟುವವರು ಈ ಪಿಂಚ್ ಪಾಯಿಂಟಿಗೆ ಬೇಕಾದಷ್ಟು ಜಾಗ ತಣ್ಣಗಿದ್ದಾಗಲೇ ಬಿಡಬೇಕು. ಆ ಒಂದೆರಡು ನಿಮಿಷಕ್ಕಾಗಿ ಬಿಟ್ಟ ಜಾಗ ಉಳಿದ ಗಂಟೆಗಳಲ್ಲೆಲ್ಲ ಸೋರುತ್ತಾ ಇರುತ್ತದೆ. ಇಡೀ ಕಷ್ಟ ಇರುವುದು ಇಲ್ಲೇ.

ದೊಡ್ಡ ಪವರ್ ಪ್ಲಾಂಟ್ ಮಷಿನಿನಲ್ಲಿ ಕೇಸಿಂಗ್, ರೋಟರ್ ಎರಡೂ ದಪ್ಪ, ಹಾಗಾಗಿ ಸಮಯ ಜಾಸ್ತಿ ಹಿಡಿಯುತ್ತದೆ. ತತ್ವ ಅದೇ.

ಬಿಸಿ ಇರುವಾಗಲೇ ಮತ್ತೆ ಸ್ಟಾರ್ಟ್ ಮಾಡಿದರೆ ಏನಾಗುತ್ತದೆ?

ಈ ಪ್ರಶ್ನೆ ಯಾರಾದರೂ ಕೇಳಿದರೆ ನಾನು ಟೀ ಇಡಲು ಹೇಳಿ ಕೂತು ಉತ್ತರ ಕೊಡುತ್ತೇನೆ.

ಮಷಿನು ನಿಂತ ಮೇಲೆ ಡಿಸ್ಕಿಗಿಂತ ತೆಳ್ಳಗಿರುವ ಕೇಸಿಂಗ್ ಬೇಗ ತಣಿದು ಕುಗ್ಗುತ್ತದೆ. ಒಳಗೆ ಡಿಸ್ಕು ಇನ್ನೂ ಬಿಸಿ, ಹಿಗ್ಗಿಯೇ ಇದೆ. ಅಂಥ ಹೊತ್ತಿನಲ್ಲಿ ಮತ್ತೆ ವೇಗ ಕೊಟ್ಟರೆ, ಮೊದಲೇ ಹಿಗ್ಗಿದ ರೋಟರ್ ಇನ್ನೂ ಹಿಗ್ಗಿ, ಕುಗ್ಗಿದ ಕೇಸಿಂಗಿಗೆ ತಾಗುತ್ತದೆ. ಇನ್ನೊಂದು ತೊಂದರೆಯೂ ಇದೆ. ನಿಂತ ಮಷಿನಿನೊಳಗೆ ಬಿಸಿ ಗಾಳಿ ಮೇಲೆ, ತಣ್ಣನೆಯದು ಕೆಳಗೆ. ರೋಟರಿನ ಮೇಲ್ಮೈ ಜಾಸ್ತಿ ಹಿಗ್ಗಿ ಅದು ಬಿಲ್ಲಿನ ಹಾಗೆ ಬಾಗುತ್ತದೆ. ಕೇಸಿಂಗೂ ಬೆಕ್ಕು ಬೆನ್ನು ಎತ್ತಿದ ಹಾಗೆ ಡೊಂಕಾಗುತ್ತದೆ. ಅದಕ್ಕೇ ದೊಡ್ಡ ಮಷಿನುಗಳಲ್ಲಿ ಟರ್ನಿಂಗ್ ಗೇರ್ ಇರುವುದು. ಬಂದ್ ಮಾಡಿದ ಮೇಲೂ ರೋಟರನ್ನು ನಿಧಾನವಾಗಿ ತಿರುಗಿಸುತ್ತಲೇ ಇರಬೇಕು, ಎಲ್ಲ ಕಡೆ ಒಂದೇ ಸಮ ತಣಿಯುವವರೆಗೆ. ದೋಸೆಕಲ್ಲಿನ ಮೇಲೆ ರೊಟ್ಟಿ ತಿರುಗಿಸುತ್ತಾ ಇರುತ್ತೇವಲ್ಲ, ಹಾಗೆ.

ನಾನಿದ್ದ ಒಂದು ಪ್ಲಾಂಟಿನಲ್ಲಿ ಒಂದು ರಾತ್ರಿ ಮಷಿನು ಟ್ರಿಪ್ ಆಯಿತು, ಅಂದರೆ ತಾನಾಗಿ ನಿಂತುಬಿಟ್ಟಿತು. ಟರ್ನಿಂಗ್ ಗೇರ್ ಹಿಡಿಯಲಿಲ್ಲ. ರೋಟರ್ ಒಂದು ಗಂಟೆ ನಿಂತಲ್ಲೇ ನಿಂತಿತ್ತು. ಆಮೇಲೆ ಹೇಗೋ ಹಿಡಿಯಿತು, ಹತ್ತು ನಿಮಿಷ ತಿರುಗಿಸಿದೆವು, ಅಷ್ಟರಲ್ಲಿ ಮೇಲಿನಿಂದ ಫೋನು, ಸ್ಟಾರ್ಟ್ ಕೊಡಿ ಅಂತ. ನಮ್ಮ ಫೋರ್‌ಮನ್ ಬೇಡ ಅಂದರು. ಕೇಳಲಿಲ್ಲ. ವೇಗ ಏರುತ್ತಿದ್ದ ಹಾಗೇ ವೈಬ್ರೇಷನ್ ಏರಿತು, ಒಳಗಿನಿಂದ ತೆಂಗಿನಕಾಯಿ ತುರಿಯುವ ಮಣೆಯ ಸದ್ದು ಕೇಳಿತು. ಟ್ರಿಪ್. ಆ ಸದ್ದು ನನಗೆ ಇವತ್ತಿಗೂ ನೆನಪಿದೆ. ಬಿಚ್ಚಿ ನೋಡಿದಾಗ ಕಂಪ್ರೆಸರಿನ ಕೆಲವು ಬ್ಲೇಡುಗಳ ತುದಿ ನೀಲಿ ತಿರುಗಿ, ಅಂಚು ಮಡಚಿತ್ತು. ಕೇಸಿಂಗಿನಲ್ಲಿ ಸುತ್ತಲೂ ಗುರುತು.

ಅವತ್ತು ಫೋರ್‌ಮನ್ ಕೈಹಿಡಿದು ತೋರಿಸಿದ್ದು ಇದು. ಕೆಲವೇ ಬ್ಲೇಡು ತೀಡಿದ್ದು, ಕೇಸಿಂಗಿನಲ್ಲಿ ಸುತ್ತಲೂ ಗುರುತು ಇದ್ದರೆ ಬಾಗಿದ್ದು ರೋಟರ್. ಎಲ್ಲ ಬ್ಲೇಡೂ ತೀಡಿದ್ದು, ಕೇಸಿಂಗಿನಲ್ಲಿ ಒಂದೇ ಕಡೆ ಗುರುತು ಇದ್ದರೆ ಡೊಂಕಾದದ್ದು ಕೇಸಿಂಗ್. ಕಾಗದದಲ್ಲಿ ಬರೆದು ನೋಡಿ, ತಾನೇ ಅರ್ಥ ಆಗುತ್ತದೆ.

ವಿಮಾನದ ಎಂಜಿನಿನಿಂದ ಮಾಡಿದ ಎಲ್‌ಎಂ2500 ಥರದ ಮಷಿನುಗಳಿಗೆ ಬೇರೆಯದೇ ನಿಯಮ ಇದೆ. ಪೂರ್ತಿ ಬಿಸಿಯಲ್ಲಿ ಏಕಾಏಕಿ ನಿಂತರೆ 10 ನಿಮಿಷದೊಳಗೆ ತಿರುಗಿಸಲು ಶುರು ಮಾಡಬೇಕು. ಆಗಲಿಲ್ಲ ಅಂದರೆ 4 ಗಂಟೆ ಮುಟ್ಟುವ ಹಾಗಿಲ್ಲ. ಯಾರು ಎಷ್ಟು ಅವಸರ ಮಾಡಿದರೂ ಲೋಹ ತಣಿಯುವ ವೇಗ ಬದಲಾಗುವುದಿಲ್ಲ. ನಿಮ್ಮ ಮಷಿನಿನ ಮ್ಯಾನುವಲ್‌ನಲ್ಲಿ ಈ ಸಮಯ ಎಷ್ಟು ಅಂತ ಮೊದಲ ದಿನವೇ ಹುಡುಕಿ ಬರೆದಿಟ್ಟುಕೊಳ್ಳಿ.

ಸ್ವಲ್ಪ ತಾಗಿದರೂ ಪರವಾಗಿಲ್ಲ ಅನ್ನುತ್ತಾರಲ್ಲ, ಅದು ಹೇಗೆ?

ಬೇಕೆಂದೇ ಮೆದುವಾಗಿ ಮಾಡಿದ ಒಳಮೈ ಇರುತ್ತದೆ. ಅಬ್ರೇಡಬಲ್ ಅನ್ನುತ್ತಾರೆ. ಬ್ಲೇಡು ತಾಗಿದರೆ ಬ್ಲೇಡಿನ ಬದಲು ಇದು ಕೆರೆದು ಹೋಗಬೇಕು. ಕಂಪ್ರೆಸರಿನ ತಣ್ಣನೆಯ ಕಡೆ ಅಲ್ಯೂಮಿನಿಯಂ ಸಿಲಿಕಾನ್‌ಗೆ ಪ್ಲಾಸ್ಟಿಕ್ ಬೆರೆಸಿದ ಲೇಪನ, ಅಥವಾ ನಿಕ್ಕಲ್ ಗ್ರಾಫೈಟ್. ಬಿಸಿ ಜಾಸ್ತಿ ಇರುವ ಕಡೆ ಸೆರಾಮಿಕ್ ಲೇಪನ. ಸೆರಾಮಿಕ್ ಗಟ್ಟಿ, ಅದನ್ನು ಕೆರೆಯಲು ಬ್ಲೇಡಿನ ತುದಿಗೇ ಕ್ಯೂಬಿಕ್ ಬೋರಾನ್ ನೈಟ್ರೈಡ್ ಕಣಗಳನ್ನು ಕೂರಿಸುವುದುಂಟು. ಗಟ್ಟಿತನದಲ್ಲಿ ವಜ್ರದ ನಂತರ ಹೆಸರು ಬರುವ ವಸ್ತು ಅದು.

ನನಗೆ ಜಾಸ್ತಿ ಇಷ್ಟ ಹನಿಕೋಂಬ್. ತೆಳು ತಗಡಿನ ಆರು ಮೂಲೆಯ ಗೂಡುಗಳು, ನಮ್ಮ ಜೇನುಪೆಟ್ಟಿಗೆಯ ಎರಿಯ ಹಾಗೇ. ತುದಿಗೆ ಪಟ್ಟಿ ತೊಡಿಸಿದ ಬ್ಲೇಡುಗಳಲ್ಲಿ ಕತ್ತಿಯಂಥ ಏಣು ಇರುತ್ತದೆ. ಅದು ಈ ಗೂಡಿನಲ್ಲಿ ತನಗೆ ಬೇಕಾದಷ್ಟೇ ಆಳದ ದಾರಿ ಕೊರೆದುಕೊಳ್ಳುತ್ತದೆ. ಓವರ್‌ಹಾಲ್‌ನಲ್ಲಿ ಆ ದಾರಿಯ ಮೇಲೆ ಬೆರಳಾಡಿಸಿದರೆ ಮಷಿನು ಹೇಗೆ ಓಡಿದೆ ಅಂತ ತಿಳಿಯುತ್ತದೆ. ಚೊಕ್ಕವಾಗಿ, ಒಂದೇ ಸಮ ಕೊರೆದಿದ್ದರೆ ಚೆನ್ನಾಗಿ ಓಡಿದೆ. ಗೂಡು ಮಡಚಿ, ಬಣ್ಣ ತಿರುಗಿ, ಒಂದು ಕಡೆ ಮಾತ್ರ ಆಳವಾಗಿದ್ದರೆ ಎಲ್ಲೋ ತಪ್ಪಾಗಿದೆ. ಒಂದು ಮಾತು ನೆನಪಿಡಿ. ಕೆರೆದು ಹೋದ ಮೇಲೆ ಆ ಜಾಗ ಸೋರುತ್ತದೆ. ಬ್ಲೇಡು ಉಳಿಯಿತು ಅಷ್ಟೇ, ಸಂದು ಉಳಿಯಲಿಲ್ಲ.

ವಿಮಾನದಲ್ಲಿ ಹಾರುತ್ತಿರುವಾಗಲೇ ಸಂದು ಕಮ್ಮಿ ಮಾಡುತ್ತಾರಂತೆ, ನಿಜವಾ?

ನಿಜ. ಆಕ್ಟಿವ್ ಕ್ಲಿಯರೆನ್ಸ್ ಕಂಟ್ರೋಲ್ ಅಂತ ಹೆಸರು. ಟರ್ಬೈನ್ ಕೇಸಿಂಗಿನ ಸುತ್ತ ಬಳೆ ತೊಡಿಸಿದ ಹಾಗೆ ಪೈಪುಗಳಿರುತ್ತವೆ. ಪೈಪಿನಲ್ಲಿ ಸಣ್ಣ ಸಣ್ಣ ತೂತು. ಅದರಿಂದ ತಂಪು ಗಾಳಿ ನೇರವಾಗಿ ಕೇಸಿಂಗ್ ಮೇಲೆ ಬೀಳುತ್ತದೆ. ಕೇಸಿಂಗ್ ಕುಗ್ಗುತ್ತದೆ, ಸಂದು ಕಮ್ಮಿಯಾಗುತ್ತದೆ. ಹೊರಗಿನ ಲೋಟಕ್ಕೆ ತಣ್ಣೀರು ಹೊಯ್ದ ಹಾಗೆ.

ಗಲ್ಫಿಗೆ ಹೋಗುವ ನಮ್ಮವರು ಬಜ್ಪೆಯಿಂದ ಹತ್ತುವ 737 ವಿಮಾನಗಳಲ್ಲಿ ತುಂಬಾ ಕಾಲ ಇದ್ದದ್ದು ಸಿಎಫ್‌ಎಂ56 ಎಂಜಿನು. ಅದರಲ್ಲಿ ಹೈ ಪ್ರೆಶರ್ ಟರ್ಬೈನಿಗೆ ಕಂಪ್ರೆಸರಿನಿಂದ ತೆಗೆದ ಗಾಳಿ, ಅದರ ಹಿಂದಿನ ಲೋ ಪ್ರೆಶರ್ ಟರ್ಬೈನಿಗೆ ಎಂಜಿನಿನ ಮುಂದಿರುವ ಫ್ಯಾನಿನ ಗಾಳಿ. ಎಷ್ಟು ಬಿಡಬೇಕು ಅಂತ ಎಂಜಿನಿನ ಕಂಪ್ಯೂಟರ್ ನಿರ್ಧರಿಸುತ್ತದೆ. ಟೇಕಾಫ್ ಹೊತ್ತಿಗೆ ಬಿಗಿ ಮಾಡುವುದಿಲ್ಲ, ಪಿಂಚ್ ಪಾಯಿಂಟ್ ಇದೆಯಲ್ಲ. ಮೇಲೆ ಹೋಗಿ ಒಂದೇ ವೇಗದಲ್ಲಿ ಹಾರುವಾಗ ಬಿಗಿ ಮಾಡುತ್ತದೆ. ಗಂಟೆಗಟ್ಟಲೆ ಹಾರುವುದು ಆಗಲೇ, ಇಂಧನ ಉಳಿಯಬೇಕಾದದ್ದೂ ಆಗಲೇ. ಇದರಲ್ಲಿ ಒಂದು ಕೊರತೆ ಇದೆ. ಲೋಹ ಮತ್ತೆ ಬಿಸಿಯಾಗಿ ಹಿಗ್ಗಲು ಸಮಯ ಬೇಕು, ಹಾಗಾಗಿ ಕೂಡಲೇ ಸಂದು ಬಿಡಬೇಕು ಅಂದರೆ ಬಿಡುವುದಿಲ್ಲ. ಅದಕ್ಕೇ ಯಾವಾಗಲೂ ಸ್ವಲ್ಪ ಜಾಗ ಮಿಕ್ಕಿಸಿ ಇಡುತ್ತಾರೆ.

ಪವರ್ ಪ್ಲಾಂಟಿನಲ್ಲಿ ರೋಟರನ್ನೇ ಸರಿಸುತ್ತಾರೆ ಅಂತ ಕೇಳಿದೆ?

ಹೌದು, ಸೀಮೆನ್ಸಿನ ದೊಡ್ಡ ಮಷಿನುಗಳಲ್ಲಿ ಇದೆ. ಹೈಡ್ರಾಲಿಕ್ ಕ್ಲಿಯರೆನ್ಸ್ ಆಪ್ಟಿಮೈಸೇಷನ್ ಅನ್ನುತ್ತಾರೆ. ಮತ್ತೆ ಲೋಟಕ್ಕೇ ಬನ್ನಿ. ಲೋಟ ಬಾಯಿ ಕಡೆ ಅಗಲ, ತಳದ ಕಡೆ ಕಿರಿದು. ಒಳಗಿನದನ್ನು ಕೆಳಗೆ ಒತ್ತಿದರೆ ಸುತ್ತಲಿನ ಸಂದು ಕಮ್ಮಿಯಾಗುತ್ತದೆ. ಟರ್ಬೈನ್ ಕಡೆ ಗ್ಯಾಸಿನ ದಾರಿ ಹೋಗುತ್ತಾ ಹೋಗುತ್ತಾ ಅಗಲವಾಗುತ್ತದೆ. ಮಷಿನು ಪೂರ್ತಿ ಬಿಸಿಯಾದ ಮೇಲೆ ಎಣ್ಣೆ ಒತ್ತಡದಿಂದ ಇಡೀ ರೋಟರನ್ನು ಕಂಪ್ರೆಸರ್ ಕಡೆಗೆ ಕೆಲವು ಮಿಲಿಮೀಟರ್ ತಳ್ಳುತ್ತಾರೆ. ಟರ್ಬೈನಿನಲ್ಲಿ ಸಂದು ಕುಗ್ಗುತ್ತದೆ. ಕಂಪ್ರೆಸರಿನಲ್ಲಿ ಸ್ವಲ್ಪ ಜಾಸ್ತಿಯಾಗುತ್ತದೆ, ಯಾಕೆಂದರೆ ಅಲ್ಲಿ ದಾರಿ ಉಲ್ಟಾ, ಹೋಗುತ್ತಾ ಕಿರಿದಾಗುತ್ತದೆ. ಟರ್ಬೈನಿನಲ್ಲಿ ಸಿಗುವ ಲಾಭ ಕಂಪ್ರೆಸರಿನ ನಷ್ಟಕ್ಕಿಂತ ಜಾಸ್ತಿ, ಅದಕ್ಕೇ ಮಾಡುವುದು. ಅಷ್ಟು ಟನ್ ತೂಕದ ರೋಟರ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿರುವಾಗಲೇ ಸರಿಯುವುದು. ಈ ಉಪಾಯ ಮಾಡಿದವರ ಬುದ್ಧಿಗೆ ನನಗೆ ತುಂಬಾ ಗೌರವ.

ಹಿಗ್ಗದ ಲೋಹದಿಂದಲೇ ಕೇಸಿಂಗ್ ಮಾಡಬಾರದಾ?

ಕಮ್ಮಿ ಹಿಗ್ಗುವ ಲೋಹಗಳಿವೆ. ಶೇಕಡಾ 36 ನಿಕ್ಕಲ್, ಉಳಿದದ್ದು ಕಬ್ಬಿಣ ಇರುವ ಇನ್ವಾರ್ ತುಂಬಾ ಹಳೆಯದು. ಅದನ್ನು ಕಂಡುಹಿಡಿದ ಗಿಯೋಮ್‌ಗೆ 1920ರಲ್ಲಿ ನೊಬೆಲ್ ಸಿಕ್ಕಿತು. ಆದರೆ ಬಿಸಿ ಏರಿದರೆ ಅದರ ಆ ಗುಣ ಹೋಗುತ್ತದೆ. ಟರ್ಬೈನಿಗೆ ಇನ್‌ಕಲಾಯ್ 909 ಥರದ ಮಿಶ್ರಲೋಹ ಬಳಸುತ್ತಾರೆ. ಅದಕ್ಕೂ ಬಿಸಿಯ ಮಿತಿ ಇದೆ.

ಸಂದನ್ನು ಅಳೆಯುವುದು ಹೇಗೆ?

ನಿಂತ ಮಷಿನಿನಲ್ಲಿ ಫೀಲರ್ ಗೇಜ್, ಅಂದರೆ ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಎಲೆಗಳ ಕಟ್ಟು. ಮೇಲಿನ ಅರ್ಧ ಕೇಸಿಂಗ್ ಎತ್ತಿದ ಮೇಲೆ ಎಡ, ಬಲ, ಕೆಳಗೆ ಪ್ರತಿ ಸಾಲಿಗೂ ಅಳೆದು ಪುಸ್ತಕದಲ್ಲಿ ಬರೆಯಬೇಕು. ಗೇಜ್ ಹೋಯಿತು ಅಂತ ಬರೆಯುವುದಲ್ಲ, ಸ್ವಲ್ಪ ಹಿಡಿದು ಹೋಗಬೇಕು, ಅಕ್ಕಿಚೀಲದಿಂದ ನೂಲು ಎಳೆದ ಹಾಗೆ. ಸಡಿಲವಾಗಿ ಹೋದರೆ ಒಂದು ಎಲೆ ಸೇರಿಸಿ. ತುರುಕಬೇಕಾದರೆ ಒಂದು ತೆಗೆಯಿರಿ. ಒಬ್ಬರು ಅಳೆದ ಮೇಲೆ ಇನ್ನೊಬ್ಬರು ಅಳೆಯಬೇಕು, ಮೊದಲಿನವರ ಲೆಕ್ಕ ನೋಡದೆ.

ಎಡಕ್ಕೂ ಬಲಕ್ಕೂ ಲೆಕ್ಕ ಒಂದೇ ಬರಲಿಲ್ಲ ಅಂತ ಹೊಸಬರು ಗಾಬರಿಯಾಗುತ್ತಾರೆ. ಬೇಡ. ರೋಟರ್ ತಿರುಗಲು ಶುರುವಾದರೆ ಬೇರಿಂಗಿನ ಎಣ್ಣೆಯ ಪದರ ಅದನ್ನು ಸ್ವಲ್ಪ ಮೇಲೆ, ಸ್ವಲ್ಪ ಪಕ್ಕಕ್ಕೆ ಎತ್ತುತ್ತದೆ. ಓಡುವಾಗ ನಡುವಿಗೆ ಬರಲಿ ಅಂತ ತಣ್ಣಗಿರುವಾಗ ಬೇಕೆಂದೇ ಹಾಗೆ ಇಟ್ಟಿರುತ್ತಾರೆ. ಮ್ಯಾನುವಲ್‌ನ ಅಳತೆಯ ಜೊತೆ ಹೋಲಿಸಿ, ನಿಮ್ಮ ಕಣ್ಣಿನ ಅಂದಾಜಿನ ಜೊತೆ ಅಲ್ಲ.

ಓಡುವ ಮಷಿನಿನಲ್ಲಿ ಕೆಪಾಸಿಟೆನ್ಸ್, ಎಡ್ಡಿ ಕರೆಂಟ್, ಮೈಕ್ರೋವೇವ್ ಪ್ರೋಬುಗಳಿಂದ ಅಳೆಯಬಹುದು. ಅಂಥ ಬಿಸಿಯಲ್ಲಿ ಪ್ರೋಬು ಬಾಳುವುದೇ ಕಷ್ಟ, ಹಾಗಾಗಿ ಟೆಸ್ಟ್ ಎಂಜಿನುಗಳಲ್ಲೇ ಅದು ಜಾಸ್ತಿ.

ಕೇಸಿಂಗ್ ದುಂಡಗೇ ಉಳಿಯುತ್ತದಾ?

ಇಲ್ಲ. ಎರಡು ಅರ್ಧ ಸೇರಿಸಿ ಬೋಲ್ಟ್ ಹಾಕುವ ಜಾಗದಲ್ಲಿ ದಪ್ಪದ ಫ್ಲ್ಯಾಂಜ್ ಇರುತ್ತದೆ. ದಪ್ಪ ಇರುವ ಕಡೆ ನಿಧಾನ ಬಿಸಿ, ನಿಧಾನ ತಣಿವು. ಹಾಗಾಗಿ ಕೇಸಿಂಗ್ ಸ್ವಲ್ಪ ಮೊಟ್ಟೆಯಾಕಾರ ಆಗುತ್ತದೆ. ಮೇಲೆ, ಕೆಳಗೆ ಕೆಲಸವಿಲ್ಲದ ಸುಳ್ಳು ಫ್ಲ್ಯಾಂಜ್ ಕೂರಿಸುವುದು ಇದನ್ನು ಸರಿದೂಗಿಸಲು. ಕೇಸಿಂಗಿನ ಒಂದೇ ಕಡೆ ತಣ್ಣನೆ ಗಾಳಿ ಬೀಸಿದರೂ, ಮಳೆನೀರು ಸೋರಿದರೂ ಇದೇ ತೊಂದರೆ. ಆಟಿ ತಿಂಗಳ ನಮ್ಮ ಮಳೆ ನೋಡಿದವರಿಗೆ ಹೇಳಬೇಕಾಗಿಲ್ಲ, ಮಷಿನನ್ನು ಮುಚ್ಚಿದ ಗೂಡಿನ, ಅಂದರೆ ಎನ್‌ಕ್ಲೋಷರಿನ ಮಾಡು ಮೊದಲು ನೋಡಿ.

ಕಂಪ್ರೆಸರಿನ ಸಂದು ಜಾಸ್ತಿಯಾದರೆ?

ದಕ್ಷತೆ ಇಳಿಯುವುದರ ಜೊತೆಗೆ ಸರ್ಜ್ ಹತ್ತಿರ ಬರುತ್ತದೆ. ಅಂದರೆ ಮುಂದೆ ತಳ್ಳಿದ ಗಾಳಿ ಧಡ್ ಅಂತ ಹಿಂದಕ್ಕೆ ಬರುವುದು. ಕಂಪ್ರೆಸರಿನಲ್ಲಿ ಸಂದನ್ನು ಅಲಕ್ಷ್ಯ ಮಾಡಬಾರದು ಅನ್ನುವುದು ಅದಕ್ಕೇ.

ನಮ್ಮ ಕಡೆ ಗ್ಯಾಸ್ ಟರ್ಬೈನ್ ಎಲ್ಲಿದೆ?

ಮಂಗಳೂರಿನ ತಣ್ಣೀರುಬಾವಿಯಲ್ಲಿ ತೇಲುವ ಬಾರ್ಜಿನ ಮೇಲೆ ನಾಫ್ತಾ ಸುಡುವ 220 ಮೆಗಾವಾಟ್ ಪ್ಲಾಂಟು 2001ರಲ್ಲಿ ಶುರುವಾಗಿತ್ತು, ಆಮೇಲೆ ಕಾಕಿನಾಡಕ್ಕೆ ಹೋಯಿತು. ಕೇರಳದ ಕಾಯಂಕುಳದಲ್ಲಿ ಎನ್‌ಟಿಪಿಸಿ ಒಂದು ಪ್ಲಾಂಟು ಕಟ್ಟಿತ್ತು. ಕೊಚ್ಚಿಯಲ್ಲಿ ಕಟ್ಟಿ 2022ರಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್ ವಿಕ್ರಾಂತ್ ಓಡುವುದು 4 ಎಲ್‌ಎಂ2500 ಟರ್ಬೈನುಗಳಿಂದ. ಜೆಟ್ ಎಂಜಿನಿನ ಸಂಶೋಧನೆಗೆ ಬೆಂಗಳೂರಿನಲ್ಲಿ ಜಿಟಿಆರ್‌ಇ ಇದೆ, ಕಾವೇರಿ ಎಂಜಿನು ಅವರದ್ದೇ.

ಮಾವಾ, ಕನ್ನಡ ಮೀಡಿಯಂ ಓದಿದವರಿಗೆ ಈ ಕೆಲಸ ಆಗುತ್ತದಾ?

ನಾನು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಪ್ಲಾಂಟಿನಲ್ಲಿ ಮಲಯಾಳ, ಹಿಂದಿ, ಇಂಗ್ಲಿಷ್ ಎಲ್ಲ ಕೆಲಸ ಮಾಡುತ್ತಾ ಬಂತು. ಪೊವ್ವಲ್‌ನ ಎಲ್‌ಬಿಎಸ್‌ನಲ್ಲೋ ಸುರತ್ಕಲ್‌ನ ಎನ್‌ಐಟಿಕೆಯಲ್ಲೋ ಮೆಕ್ಯಾನಿಕಲ್ ಓದಿದರೆ ಒಳ್ಳೆಯದೇ, ಐಟಿಐ ಫಿಟ್ಟರ್ ಆದರೂ ಬಾಗಿಲು ಮುಚ್ಚಿಲ್ಲ. ಇಂಗ್ಲಿಷ್ ಮ್ಯಾನುವಲ್‌ನಲ್ಲಿ ಕ್ಲಿಯರೆನ್ಸ್ ಶೀಟ್ ಓದಲು ಬಂದರೆ ಅರ್ಧ ಕೆಲಸ ಆಯಿತು. ಅದು ಬರೀ ಅಂಕಿ ಮತ್ತು ಚಿತ್ರ.

ಉಳಿದ ಅರ್ಧ ಕೈಯದ್ದು. ಒಂದು ಫೀಲರ್ ಗೇಜ್ ತೆಗೆದುಕೊಳ್ಳಿ, ಜಾಸ್ತಿ ಬೆಲೆ ಇಲ್ಲ. ಮನೆಯ ಪಂಪಿನಲ್ಲಿ, ಬೈಕಿನ ವಾಲ್ವಿನಲ್ಲಿ ಅಳೆದು ಅಳೆದು ಅಭ್ಯಾಸ ಮಾಡಿ. 5 ಥೌ ಮತ್ತು 6 ಥೌ ಎಲೆಗೆ ಇರುವ ವ್ಯತ್ಯಾಸ ಕಣ್ಣು ಮುಚ್ಚಿ ಹೇಳಲು ಬರುವ ದಿನ ಬನ್ನಿ, ಮುಂದಿನದ್ದು ತೋರಿಸುತ್ತೇನೆ.